ಮೂವತ್ತೊಂದನೇ ಪುಟದ ಹದಿನಾಲ್ಕನೇ ಹೆಜ್ಜೆ

ಕೈಪಿಡಿ ಅನುಮೋದನಾ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ನಿಮ್ಮ ಕಚೇರಿ ಹೊರತಂದಿರುವ ‘ಪಾಳಿ’ ತಂತ್ರಾಂಶದ ಕೈಪಿಡಿಯ ಎರಡನೇ ಪರಿಷ್ಕೃತ ಮುದ್ರಣ ಮೊನ್ನೆ ನನ್ನ ಕೈ ಸೇರಿತು. ಎತ್ತಿಕೊಂಡವಳೇ ಮೂವತ್ತೊಂದನೇ ಪುಟ ತೆರೆದೆ. ಹದಿನಾಲ್ಕನೇ ಹೆಜ್ಜೆ ಹಾಗೆಯೇ ಇದೆ. ‘ತಿಂಗಳ ಕೊನೆಯ ದಿನ ಪಟ್ಟಿ ಮುಚ್ಚು ಎಂಬುದನ್ನು ಒತ್ತಿರಿ’, ಅಷ್ಟೇ. ಈ ವಾಕ್ಯವನ್ನು ನಂಬಿ ಒಬ್ಬ ಹೆಣ್ಣುಮಗಳು ಕೆಲಸ ಕಳೆದುಕೊಂಡಿದ್ದಾಳೆ, ಒಬ್ಬ ರೋಗಿ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿಲ್ಲ. ಇದು ತಪ್ಪೆಂದು ನಾನು ಏಳು ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದೆ. ನಿಮ್ಮ ಟಪಾಲು ವಿಭಾಗದ ಮೊಹರು ಬಿದ್ದ ಪ್ರತಿ ನನ್ನ ಬಳಿ ಇದೆ. ಹಾಗಾದರೆ ಈ ಮುದ್ರಣದಲ್ಲಿ ಪರಿಷ್ಕೃತವಾದದ್ದಾದರೂ ಏನು ಎಂದು ಹುಡುಕಿದೆ. ರಕ್ಷಾಪುಟ ಹೊಳೆಯುತ್ತಿದೆ. ಮುನ್ನುಡಿಗೆ ನಿಮ್ಮ ಹೊಸ ಭಾವಚಿತ್ರ ಬಂದಿದೆ. ಹಳೆಯದರಲ್ಲಿ ನಿಮಗೆ ಕನ್ನಡಕವಿರಲಿಲ್ಲ, ಇದರಲ್ಲಿ ಇದೆ. ಕನ್ನಡಕ ಬಂದ ಮೇಲಾದರೂ ನೀವು ಆ ಪುಟವನ್ನು ಒಮ್ಮೆ ಓದಿರಬಹುದೆಂಬ ಆಸೆ ನನಗಿತ್ತು.

ಇದನ್ನು ಪತ್ರಿಕೆಯ ಮೂಲಕ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ನಿಮಗೆ ನೇರವಾಗಿ ಬರೆದ ನಾಲ್ಕು ಪತ್ರಗಳಿಗೆ ಸಿಕ್ಕ ಉತ್ತರವೆಂದರೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಮಾತು, ಅದೂ ಫೋನಿನಲ್ಲಿ, ಅದೂ ನಾನೇ ಮಾಡಿದ ಫೋನಿಗೆ. ಊರೆಲ್ಲ ಓದುವ ಕಡೆ ಬರೆದರೆ ಊರಿನವರ ಜೊತೆ ನೀವೂ ಓದಬಹುದು.

ವಿಷಯ ತಿಳಿಯದ ಓದುಗರಿಗಾಗಿ ಒಂದೆರಡು ಮಾತು ಹೇಳಬೇಕು. ‘ಪಾಳಿ’ ಎಂಬುದು ಸಣ್ಣ ಚಿಕಿತ್ಸಾಲಯಗಳ ಕಂಪ್ಯೂಟರಿಗಾಗಿ ಮಾಡಿದ ತಂತ್ರಾಂಶ. ತಿಂಗಳು ತಿಂಗಳೂ ತಪ್ಪದೆ ಮಾತ್ರೆ ಒಯ್ಯಬೇಕಾದವರ ಹೆಸರು, ಕೊಟ್ಟ ಮಾತ್ರೆ, ಮುಂದೆ ಬರಬೇಕಾದ ದಿನಾಂಕ, ಇಷ್ಟನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಅದನ್ನು ಬರೆದವನು ಹಲಸೂರಿನ ಜಗನ್. ವಾರವೆಲ್ಲ ಇಂದಿರಾನಗರದ ಒಂದು ಕಂಪನಿಯಲ್ಲಿ ಅವನ ಹೊಟ್ಟೆಪಾಡಿನ ಕೆಲಸ, ಬಿಡುವಿನ ಹೊತ್ತೆಲ್ಲ ಇದು. ಇದು ಮುಕ್ತ ತಂತ್ರಾಂಶ. ಅಂದರೆ ಯಾರು ಬೇಕಾದರೂ ಬಳಸಬಹುದು, ಒಳಗೇನಿದೆ ಎಂದು ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಅದರ ಕನ್ನಡ ಕೈಪಿಡಿಯನ್ನು ನೋಡಿಕೊಳ್ಳುತ್ತಿದ್ದವಳು ನಾನು. ಶಿವಾಜಿನಗರದ ಸನಾವುಲ್ಲಾ ಸಾಹೇಬರ ಮುದ್ರಣಾಲಯದಲ್ಲಿ ಹನ್ನೊಂದು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳ ಬಿಲ್ ಪುಸ್ತಕ, ಮದುವೆಯ ಕರೆಯೋಲೆ, ಶ್ರದ್ಧಾಂಜಲಿಯ ಕರಪತ್ರ ಎಲ್ಲವನ್ನೂ ಜೋಡಿಸಿದ ಕೈ ಇದು. ತಪ್ಪು ಅಚ್ಚಾದರೆ ಏನಾಗುತ್ತದೆಂದು ನನಗೆ ನಿಮ್ಮ ಸಮಿತಿ ಪಾಠ ಹೇಳಬೇಕಾಗಿಲ್ಲ.

ನಾವು ಕೈಪಿಡಿಯನ್ನು ಹೇಗೆ ಬರೆಯುತ್ತಿದ್ದೆವು ಎಂಬುದನ್ನು ನೀವು ಒಮ್ಮೆಯೂ ಕೇಳಲಿಲ್ಲ, ಈಗ ಹೇಳುತ್ತೇನೆ. ಕೃಷ್ಣರಾಜಪುರದಲ್ಲಿ ನನ್ನ ಸೋದರತ್ತೆ ಮುನಿಶಾಮಮ್ಮನ ಮನೆ. ಹೊಲವಿದ್ದ ಜಾಗದಲ್ಲಿ ಸಾಲು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಆ ಕೋಣೆಗಳಲ್ಲೊಂದರಲ್ಲಿ ಲಕ್ಷ್ಮಿದೇವಿ ಇದ್ದಳು. ಕಲಬುರಗಿ ಕಡೆಯವಳು, ನಮ್ಮ ಪಕ್ಕದ ಸರ್ಕಾರಿ ಚಿಕಿತ್ಸಾಲಯದಲ್ಲಿ ಹಂಗಾಮಿ ಸಹಾಯಕಿ, ಪಾಳಿಯನ್ನು ಮೊದಲು ಮುಟ್ಟಿದ ಕೈ ಅವಳದು. ಪ್ರತಿ ಭಾನುವಾರ ಬೆಳಿಗ್ಗೆ ಅತ್ತೆಯ ಪಡಸಾಲೆಯಲ್ಲಿ ನಾವು ಸೇರುತ್ತಿದ್ದೆವು. ಕಂಪ್ಯೂಟರೇ ಮುಟ್ಟದ ಅತ್ತೆ ನಾನು ಬರೆದದ್ದನ್ನು ಗಟ್ಟಿಯಾಗಿ ಓದುವುದು, ಲಕ್ಷ್ಮಿದೇವಿ ಕೇಳಿದಷ್ಟನ್ನು ಮಾತ್ರ ಮಾಡುವುದು, ತನಗೆ ಗೊತ್ತಿರುವುದನ್ನು ಮಾಡಕೂಡದು. ಎಲ್ಲಿ ಅತ್ತೆಯ ಬಾಯಿ ತಡವರಿಸಿತೋ, ಎಲ್ಲಿ ಲಕ್ಷ್ಮಿದೇವಿಯ ಕೈ ನಿಂತಿತೋ, ಅಲ್ಲಿ ನಾನು ಕೆಂಪು ಗೆರೆ ಎಳೆಯಬೇಕು. ನಿಂತ ಕೈಯದು ತಪ್ಪಲ್ಲ, ನಿಲ್ಲಿಸಿದ ವಾಕ್ಯದ್ದು ತಪ್ಪು ಎಂಬುದು ನಮ್ಮ ಕಟ್ಟುಪಾಡು.

ಮೊದಲ ಭಾನುವಾರ ನಾನು ನಿಮ್ಮ ಭಾಷೆಯಲ್ಲೇ ಬರೆದುಕೊಂಡು ಹೋಗಿದ್ದೆ. ‘ಸೂಕ್ತ ಆಯ್ಕೆಯನ್ನು ಖಚಿತಪಡಿಸಿಕೊಂಡು ಮುಂದುವರಿಯತಕ್ಕದ್ದು.’ ಅತ್ತೆ ಓದಿ ಮುಗಿಸಿದರು. ಲಕ್ಷ್ಮಿದೇವಿ ಮೌಸ್ ಹಿಡಿದುಕೊಂಡೇ ಕೂತಿದ್ದಳು.

“ಯಾಕ್ ನಿಂತೆ?” ಎಂದೆ.

“ಏನ್ ಒತ್ತಬೇಕ್ರಿ ಅಕ್ಕಾ ನಾ? ಬಟನ್ ಮ್ಯಾಲ ಏನ್ ಬರದದ, ಅದನ್ನೇ ಬರೀರಲ್ಲ. ಖಚಿತ ಪಚಿತ ಅಂದ್ರ ನಂಗ್ ಅಂಜಿಕಿ ಬರ್ತದ.”

“ನಂಗೂ ಉಸ್ರು ಕಟ್ತು ಕಣಮ್ಮಿ,” ಎಂದರು ಅತ್ತೆ. “ಒಂದ್ ಮಾತ್ನ ಎಲ್ಡು ಮಾಡು. ಓದೋರಿಗೂ ವಯಸ್ಸಾಗಿರ್ತದೆ.”

ಹೀಗೆ ಎರಡು ವರ್ಷದಲ್ಲಿ ಎಂಬತ್ತು ಪುಟವಾಯಿತು. ಅದನ್ನು ಎಲ್ಲಿಡಬೇಕು, ಹೇಗೆ ಕಾಪಾಡಬೇಕು ಎಂಬುದಕ್ಕೆ ನಾವೂ ಜಗಳವಾಡಿದ್ದೇವೆ, ನಿಮ್ಮ ಸಮಿತಿಗಿಂತ ಜೋರಾಗಿಯೇ ಆಡಿದ್ದೇವೆ. ನನಗೆ ಪುಸ್ತಕವೇ ಬೇಕಿತ್ತು, ಹೊಲಿಗೆ ಹಾಕಿದ, ಬೆನ್ನಿರುವ ಪುಸ್ತಕ. ಪಾಳಿ ಬಳಸುತ್ತಿದ್ದ ಇನ್ನು ಕೆಲವರು ಇಂಟರ್ನೆಟ್ಟಿನಲ್ಲಿ ತೆರೆದ ಪುಟಗಳನ್ನಿಡೋಣ, ಕಂಡವರೆಲ್ಲ ತಿದ್ದಲಿ ಎಂದರು. ಇಟ್ಟೂ ನೋಡಿದೆವು. ಯಾರೋ ಪುಣ್ಯಾತ್ಮರು ಹದಿನೇಳನೇ ಪುಟದ ತುಂಬ ಕೈಗಡಿಯಾರದ ಜಾಹೀರಾತು ತುಂಬಿಸಿ ಹೋದರು. ಕೊನೆಗೆ ಜಗನ್ ಹೇಳಿದ ದಾರಿಗೆ ಬಂದೆವು. “ಹಂಸ, ಪ್ರೋಗ್ರಾಮ್ ಎಲ್ಲಿರುತ್ತೋ ಪುಟಾನೂ ಅಲ್ಲೇ ಇರ್ಲಿ. ಬಟನ್ ಬದಲಾದ ದಿನಾನೇ ಪುಟ ಬದಲಾಗ್ಬೇಕು. ಇಲ್ಲಾಂದ್ರೆ ಪುಟ ಸುಳ್ಳು ಹೇಳೋಕೆ ಶುರು ಮಾಡುತ್ತೆ ಗುರು,” ಎಂದ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಆದರೆ ಭಾನುವಾರದ ಓದಿನಲ್ಲಿ ಪಾಸಾಗದೆ ಅದು ಸೇರುವಂತಿಲ್ಲ. ಮತ್ತು ಅತ್ತೆ ಹೊಸ ಪುಟ ಓದಿ ಮುಗಿಸದೆ ಜಗನ್ ಹೊಸ ಆವೃತ್ತಿ ಹೊರಗೆ ಬಿಡುವಂತಿಲ್ಲ. ಕಂಪನಿಯಲ್ಲಿ ಹತ್ತಾರು ಜನರಿಗೆ ಮೇಲಧಿಕಾರಿಯಾದವನು ನಮ್ಮ ಅತ್ತೆ ಕನ್ನಡಕ ಒರೆಸಿಕೊಳ್ಳುವವರೆಗೆ ಕೈಕಟ್ಟಿ ಕಾಯುತ್ತಿದ್ದ.

ಇಷ್ಟು ಹೊತ್ತಿಗೆ ನಿಮ್ಮ ಇಲಾಖೆಗೆ ಪಾಳಿ ಇಷ್ಟವಾಯಿತು. ನಗರದ ಪೂರ್ವಕ್ಕಿರುವ ಮೂವತ್ತಾರು ಚಿಕಿತ್ಸಾಲಯಗಳಿಗೆ ಹಾಕಿಸಿದಿರಿ. ನಮಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಕಂಪ್ಯೂಟರ್ ಬಂದ ಮೇಲೆ ಎರಡೆರಡು ಕಡೆ ಬರೆಯುವುದು ಸಮಯದ ದುಂದು ಎಂದು ಸುತ್ತೋಲೆ ಹೊರಡಿಸಿ ಕೈಬರಹದ ದಾಖಲೆ ಪುಸ್ತಕಗಳನ್ನೂ ನಿಲ್ಲಿಸಿಬಿಟ್ಟಿರಿ. ಆಮೇಲೆ ಕಳೆದ ವರ್ಷದ ಜನವರಿಯಲ್ಲಿ ಕೈಪಿಡಿಯ ನಿರ್ವಹಣೆಯನ್ನು ತೀರ್ಮಾನಿಸಲು ಸಭೆ ಕರೆದಿರಿ. ನನಗೆ ‘ವಿಶೇಷ ಆಹ್ವಾನಿತರು’ ಎಂದು ಪತ್ರ ಕಳಿಸಿ ಬಾಗಿಲ ಪಕ್ಕದ ಕುರ್ಚಿ ಕೊಟ್ಟಿರಿ. ನಾನು ಭಾನುವಾರದ ಓದಿನ ಬಗ್ಗೆ ಹೇಳಲು ಹೊರಟಾಗ ನೀವು ನಕ್ಕು ಆಡಿದ ಮಾತು ನನಗೆ ಬಾಯಿಪಾಠವಾಗಿದೆ. “ನೋಡಿಮ್ಮಾ, ಪುಸ್ತಕ ಅಂದ್ಮೇಲೆ ಅದು ನಿಲ್ಬೇಕು. ಇವತ್ತೊಂದು ನಾಳೆ ಒಂದು ಅಂದ್ರೆ ನಾವು ಯಾವುದಕ್ಕೆ ಸೈನ್ ಹಾಕೋದು?”

ಪ್ರಶ್ನೆ ಸೈನಿನದು. ಓದುವವಳು ಯಾವುದನ್ನು ನಂಬುವುದು ಎಂಬುದು ಯಾರ ಪ್ರಶ್ನೆಯೂ ಆಗಿರಲಿಲ್ಲ. ನಿರ್ಣಯ ಹೀಗಾಯಿತು: ಕೈಪಿಡಿಯನ್ನು ಅಚ್ಚು ಹಾಕಿಸಿ ಸಮಿತಿ ಅನುಮೋದಿಸುವುದು, ತಿದ್ದುಪಡಿ ಬೇಕಾದವರು ನಿಗದಿತ ನಮೂನೆಯಲ್ಲಿ ಮೂರು ಪ್ರತಿ ಸಲ್ಲಿಸುವುದು, ಅವುಗಳನ್ನು ವರ್ಷಕ್ಕೊಮ್ಮೆ ಮಾರ್ಚಿನಲ್ಲಿ ಪರಿಗಣಿಸುವುದು. ಅಂದರೆ ತಂತ್ರಾಂಶ ವರ್ಷವಿಡೀ ನಡೆಯುತ್ತಿರಲಿ, ಅದರ ಕೈಪಿಡಿ ಮಾತ್ರ ಹನ್ನೊಂದು ತಿಂಗಳು ಮಲಗಿರಲಿ ಎಂದು. ಪುಸ್ತಕ ಬಂತು. ನಮ್ಮ ಮೊದಲ ಪುಟದಲ್ಲಿ ‘ಇದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು’ ಎಂದಿದ್ದ ಜಾಗದಲ್ಲಿ ‘ಸರ್ವ ಹಕ್ಕುಗಳನ್ನು ಕಾಯ್ದಿರಿಸಿದೆ’ ಎಂದಿತ್ತು. ಯಾರ ಹಕ್ಕು ಸ್ವಾಮಿ? ಅತ್ತೆಯ ಉಸಿರಿನದೋ, ಲಕ್ಷ್ಮಿದೇವಿಯ ಅಂಜಿಕೆಯದೋ? ಪುಕ್ಕಟೆಯಾಗಿ ಕೊಟ್ಟದ್ದಕ್ಕೆ ಬೀಗ ಹಾಕಿ ಬೀಗದ ಕೈಯನ್ನು ನಿಮ್ಮ ಜೇಬಿಗೆ ಹಾಕಿಕೊಂಡಿರಿ, ಮೇಲೊಂದು ಮುನ್ನುಡಿ ಬರೆದಿರಿ.

ಕಳೆದ ಆಗಸ್ಟಿನಲ್ಲಿ ಪಾಳಿಯ ನಾಲ್ಕನೇ ಆವೃತ್ತಿ ಬಂತು. ಅದರಲ್ಲಿ ‘ಪಟ್ಟಿ ಮುಚ್ಚು’ ಗುಂಡಿಯ ಕೆಲಸ ಬದಲಾಯಿತು. ಮೊದಲು ಅದನ್ನು ಒತ್ತಿದರೆ ಎಲ್ಲ ಹೆಸರೂ ಮುಂದಿನ ತಿಂಗಳಿಗೆ ಹೋಗುತ್ತಿದ್ದವು. ಹೊಸದರಲ್ಲಿ ಮುಂದಿನ ದಿನಾಂಕ ತುಂಬಿದ ಹೆಸರು ಮಾತ್ರ ಹೋಗುತ್ತದೆ, ದಿನಾಂಕವಿಲ್ಲದ್ದು ಅಳಿದುಹೋಗುತ್ತದೆ. ಹೀಗೆ ಬದಲಿಸಲು ಕೇಳಿದವರು ಯಾರು? ನೀವೇ. ದಿನಾಂಕವಿಲ್ಲದ ಹೆಸರುಗಳಿಂದ ಮಾಸಿಕ ವರದಿ ಅಂದಗೆಡುತ್ತದೆ ಎಂದು ನಿಮ್ಮ ಕಚೇರಿಯಿಂದಲೇ ಜಗನ್‌ಗೆ ಪತ್ರ ಹೋಗಿತ್ತು. ಲಕ್ಷ್ಮಿದೇವಿ ಆಗ ಅಕ್ಕನ ಬಾಣಂತನಕ್ಕೆಂದು ಒಂದು ತಿಂಗಳು ಊರಿಗೆ ಹೋಗಿದ್ದಳು. ಆ ಭಾನುವಾರ ಅವಳ ಜಾಗದಲ್ಲಿ ನಾನೇ ಮೌಸ್ ಹಿಡಿದೆ. ಹೊಸ ಪುಟ ಬರೆದೆವು: ಮೊದಲು ಫ್ಲಾಪಿಗೆ ಒಂದು ಪ್ರತಿ ತೆಗೆಯಿರಿ, ಪ್ರತಿಯೊಬ್ಬರ ಮುಂದಿನ ದಿನಾಂಕ ತುಂಬಿರಿ, ಆಮೇಲೆ ಮಾತ್ರ ಪಟ್ಟಿ ಮುಚ್ಚಿರಿ. ನೀವು ತಂತ್ರಾಂಶವನ್ನು ಮೂವತ್ತಾರೂ ಕಡೆ ಎರಡೇ ದಿನದಲ್ಲಿ ಬದಲಿಸಿದಿರಿ. ಪುಟ ಬದಲಿಸಿ ಎಂದು ನಾನು ಮೂರು ಪ್ರತಿ ಹಿಡಿದು ಬಂದಾಗ ನಿಮ್ಮ ಗುಮಾಸ್ತರು ಮೊಹರು ಒತ್ತಿ, “ಮಾರ್ಚಿಗೆ ಬನ್ನಿ ಮೇಡಂ,” ಎಂದರು.

ಮಾರ್ಚಿನವರೆಗೆ ರೋಗ ಕಾಯುತ್ತದೆಯೇ? ಸನಾವುಲ್ಲಾ ಸಾಹೇಬರಿಗೆ ವಿಷಯ ಹೇಳಿದೆ. ಅವರು ಎದುರಿನ ಅಚ್ಚಿನ ರಾಶಿ ತೋರಿಸಿ, “ಛಪ್ ಗಯಾ ಬೋಲ್ಕೆ ಗಲ್ತಿ ಸಹೀ ಹೋಜಾತೀ ಕ್ಯಾ ಅಮ್ಮಾ? ಚೀಟಿ ಹೊಡಿ, ಅಂಟಿಸ್ಬುಡು,” ಎಂದರು. ಅಚ್ಚಾದ ಮಾತ್ರಕ್ಕೆ ತಪ್ಪು ಸರಿಯಾಗಿಬಿಡುತ್ತದೆಯೇ ಎಂದು ಕೇಳಿದ್ದು ಅವರು. ಪ್ರೆಸ್ಸಿನವರಿಗೆ ಇದು ಹೊಸದಲ್ಲ. ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡರೆ ಸಣ್ಣ ಚೀಟಿಯಲ್ಲಿ ಸರಿಯಾದದ್ದನ್ನು ಅಚ್ಚು ಮಾಡಿ ಆ ಸಾಲಿನ ಮೇಲೆ ಅಂಟಿಸುತ್ತೇವೆ, ನಾಚಿಕೆಯಾದರೂ ಅಂಟಿಸುತ್ತೇವೆ. ಮೂವತ್ತಾರು ಚೀಟಿ ಹೊಡೆದು, ಬಸ್ಸಿನಲ್ಲಿ ಹಲಸೂರಿನಿಂದ ಮಹದೇವಪುರದವರೆಗೆ ಅಲೆದು, ಒಂದೊಂದು ಚಿಕಿತ್ಸಾಲಯದ ಪುಸ್ತಕಕ್ಕೂ ನನ್ನ ಕೈಯಾರೆ ಅಂಟಿಸಿದೆ.

ಆ ತಿಂಗಳ ಇಪ್ಪತ್ತೈದಕ್ಕೆ ನಿಮ್ಮ ತಪಾಸಣಾಧಿಕಾರಿ ಲಕ್ಷ್ಮಿದೇವಿಯ ಚಿಕಿತ್ಸಾಲಯಕ್ಕೆ ಬಂದರು. ಅವರ ವರದಿಯ ಸಾಲು ಇದು: ‘ಅಧಿಕೃತ ಪುಸ್ತಕಕ್ಕೆ ಅನಧಿಕೃತ ಚೀಟಿ ಅಂಟಿಸಿರುವುದು ಕಂಡುಬಂದಿದ್ದು, ಸ್ಥಳದಲ್ಲಿಯೇ ತೆಗೆಸಲಾಗಿದೆ.’ ತೆಗೆಸಿದರು. ಮೂವತ್ತೊಂದಕ್ಕೆ ಲಕ್ಷ್ಮಿದೇವಿ ಊರಿನಿಂದ ಬಂದವಳೇ ಕೆಲಸಕ್ಕೆ ಹೋದಳು. ಕಂಪ್ಯೂಟರಿನ ಮೇಲೆ ನಾಲ್ಕನೇ ಆವೃತ್ತಿ ಎಂದು ಬರೆದದ್ದು ಕಂಡಿತು. ಏನಾದರೂ ಬದಲಾಗಿರಬಹುದೆಂದು ಆ ಮಹಾತಾಯಿ ಪುಸ್ತಕ ತೆರೆದಳು. ಗೊತ್ತಿದ್ದ ಕೆಲಸವನ್ನೂ ಪುಸ್ತಕ ನೋಡಿ ಮಾಡುವುದನ್ನು ಅವಳಿಗೆ ಕಲಿಸಿದವರು ನಾವೇ. ಮೂವತ್ತೊಂದನೇ ಪುಟದಲ್ಲಿ ಹದಿನಾಲ್ಕನೇ ಹೆಜ್ಜೆಯ ಮೇಲೆ ಗೋಂದಿನ ಕಲೆ ಇತ್ತು. ಅವಳು ಅಲ್ಲಿ ಬರೆದಿದ್ದನ್ನು ಮಾಡಿದಳು.

ಅವಳಿಲ್ಲದ ಆ ತಿಂಗಳು ಮಾತ್ರೆಗೆ ಬಂದವರಿಗೆ ಮುಂದಿನ ದಿನವನ್ನು ಬಾಯಲ್ಲಿ ಹೇಳಿ ಕಳಿಸಿದ್ದರು, ಕಂಪ್ಯೂಟರಿಗೆ ಯಾರೂ ತುಂಬಿರಲಿಲ್ಲ. ನಲವತ್ತೊಂದು ಹೆಸರು ಹೋದವು. ಎಲ್ಲರೂ ಫಿಟ್ಸ್ ಬರುವವರು, ಒಂದು ದಿನ ಮಾತ್ರೆ ತಪ್ಪಿದರೂ ಎಲ್ಲಿ ಬೀಳುತ್ತಾರೋ ತಿಳಿಯದವರು. ಬೇರೆ ಕಡೆ ಬರೆದಿಟ್ಟಿದ್ದು ಎಲ್ಲೂ ಇಲ್ಲ, ಏಕೆಂದರೆ ಅದು ಸಮಯದ ದುಂದು. ಮರುವಾರ ಶಿವಪುತ್ರ ಎಂಬವನು ತನ್ನ ದಿನಕ್ಕೆ ಸರಿಯಾಗಿ ಬಂದ. ಯಾದಗಿರಿ ಕಡೆಯವನು, ಹೊರವರ್ತುಲ ರಸ್ತೆಯ ದೊಡ್ಡ ಕಟ್ಟಡವೊಂದರಲ್ಲಿ ಸಾರವೆ ಕಟ್ಟುವ ಕೆಲಸ. ಮಾತ್ರೆ ಕೊಡುವ ಕಿಟಕಿಯಲ್ಲಿ, ಪಟ್ಟಿಯಲ್ಲಿ ಹೆಸರಿಲ್ಲ, ದೊಡ್ಡಾಸ್ಪತ್ರೆಯ ಚೀಟಿ ತಾ ಎಂದರು. ಆ ಚೀಟಿಯನ್ನು ಎರಡು ವರ್ಷದ ಹಿಂದೆಯೇ ಇಲ್ಲೇ ಇಸಿದುಕೊಂಡಿದ್ದರು. ಲಕ್ಷ್ಮಿದೇವಿ ಒಳಗಿನಿಂದ ಓಡಿ ಬರುವಷ್ಟರಲ್ಲಿ ಅವನು ಹೋಗಿದ್ದ. “ಜಗಳಾನೂ ಮಾಡ್ಲಿಲ್ರಿ ಅಕ್ಕಾ ಅಂವ,” ಎಂದು ಅವಳು ನನ್ನ ಮುಂದೆ ಅತ್ತಳು. “ಹೆಸರಿಲ್ಲ ಅಂದ್ರ ಇಲ್ಲ ಬಿಡು ಅಂತ ಹೊಳ್ಳಿ ಹೋಗ್ಯಾನ.”

ಆಮೇಲೆ ಅವಳು ಮಾಡಿದ ಕೆಲಸವನ್ನು ನಿಮ್ಮ ಇಲಾಖೆ ಯಾವ ವರದಿಯಲ್ಲೂ ಬರೆದಿಲ್ಲ. ನೆನಪಿನಿಂದ ಹೆಸರು ಬರೆದುಕೊಂಡು ಶೆಡ್ಡಿನಿಂದ ಶೆಡ್ಡಿಗೆ, ವಠಾರದಿಂದ ವಠಾರಕ್ಕೆ ತಿರುಗಿ, ಯಾರಿಗೆ ಯಾವ ಮಾತ್ರೆಯೆಂದು ತಿಳಿಯಲು ಅವರವರ ಬಳಿಯಿದ್ದ ಖಾಲಿ ಮಾತ್ರೆಯ ಹಾಳೆ ನೋಡಿ ನೋಡಿ ಮೂರು ವಾರದಲ್ಲಿ ನಲವತ್ತು ಜನರನ್ನು ಪಟ್ಟಿಗೆ ವಾಪಸು ತಂದಳು. ಶಿವಪುತ್ರನ ಶೆಡ್ಡು ಮಹದೇವಪುರದ ತಗ್ಗಿನಲ್ಲಿತ್ತು. ಮಳೆಗೆ ನೀರು ನುಗ್ಗಿದ ಮೇಲೆ ಮೇಸ್ತ್ರಿ ಶೆಡ್ಡುಗಳನ್ನೆಲ್ಲ ಕಿತ್ತು ಜನರನ್ನು ಬೇರೆಲ್ಲಿಗೋ ಸಾಗಿಸಿದ್ದ. ಎಲ್ಲಿಗೆಂದು ಹೇಳುವವರಿರಲಿಲ್ಲ. ಅವಳು ಹೀಗೆ ಬೀದಿ ಸುತ್ತುತ್ತಿರುವಾಗಲೇ ನಿಮ್ಮ ಜ್ಞಾಪನ ಬಂತು: ‘ಕೈಪಿಡಿಯನ್ನು ಅನುಸರಿಸದೆ ಬೇಜವಾಬ್ದಾರಿಯಿಂದ ವರ್ತಿಸಿರುವುದರಿಂದ ಮುಂದಿನ ಆದೇಶದವರೆಗೆ ಕೆಲಸದಿಂದ ದೂರವಿಡಲಾಗಿದೆ.’

ಮಾನ್ಯರೇ, ನನಗೆ ಸಿಟ್ಟು ಬರುವುದು ಇಲ್ಲಿ. ಮೂವತ್ತಾರು ಚಿಕಿತ್ಸಾಲಯಗಳಲ್ಲಿ ನಿಮ್ಮ ಕೈಪಿಡಿಯನ್ನು ಅಕ್ಷರ ಬಿಡದೆ ಅನುಸರಿಸಿದವಳು ಇವಳೊಬ್ಬಳೇ. ಉಳಿದವರು ಹೇಗೆ ಪಾರಾದರು ಗೊತ್ತೇ? ಅನುಸರಿಸದೆ. ಕೆಲವರು ನನ್ನ ಚೀಟಿ ನಂಬಿದರು, ಕೆಲವರು ಫೋನಿನಲ್ಲಿ ಕೇಳಿಕೊಂಡರು. ಈಗಂತೂ ಸರಿಯಾದ ಹೆಜ್ಜೆಯನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು, ತಪಾಸಣೆಯ ದಿನ ರಬ್ಬರಿನಿಂದ ಅಳಿಸಿ, ನಿಮ್ಮವರ ಜೀಪು ಹೋದ ಮೇಲೆ ಮತ್ತೆ ಬರೆದುಕೊಳ್ಳುತ್ತಾರೆ. ನಿಮ್ಮ ಪುಸ್ತಕ ನಿಂತಿದೆ ಎಂದು ನೀವು ತಿಳಿದಿದ್ದೀರಿ. ಅದನ್ನು ಹೊತ್ತು ನಡೆಯುತ್ತಿರುವುದು ಆ ಪೆನ್ಸಿಲುಗಳು.

ನಮ್ಮ ಕಡೆಯ ತಪ್ಪನ್ನೂ ಮುಚ್ಚಿಡುವುದಿಲ್ಲ. ಹೆಸರು ಅಳಿಸಬಲ್ಲ ಗುಂಡಿ ಅಳಿಸುವ ಮುನ್ನ ಒಂದು ಮಾತು ಕೇಳಬೇಕಿತ್ತು. ಜಗನ್ ಅದನ್ನು ಒಪ್ಪಿಕೊಂಡ, ಒಂದು ವಾರದಲ್ಲಿ ಸರಿಪಡಿಸಿ ಹೊಸ ಆವೃತ್ತಿ ಕೊಟ್ಟ. ನೀವು ಅದನ್ನು ಇಂದಿಗೂ ಹಾಕಿಸಿಲ್ಲ. ಕಾರಣ, ಹೊಸ ಆವೃತ್ತಿ ಕೇಳುವ ಪ್ರಶ್ನೆ ಅನುಮೋದಿತ ಕೈಪಿಡಿಯಲ್ಲಿ ಇಲ್ಲ. ಇದನ್ನು ಬರೆದು ನಾನೇ ಎರಡು ಸಲ ಓದಿದೆ, ನಗು ಬರಲಿಲ್ಲ.

ಇನ್ನೊಂದು ತಪ್ಪಿದೆ, ಅದು ನನ್ನದು. ಜನವರಿಯ ಆ ಸಭೆಯ ನಡಾವಳಿಯ ಕೊನೆಯಲ್ಲಿ ನನ್ನ ಸಹಿಯೂ ಇದೆ. ಬೇಡ ಎಂದು ಎದ್ದು ಬರಬಹುದಿತ್ತು. ಬರಲಿಲ್ಲ. ಒಳ್ಳೆಯ ಕಾಗದ, ಆಫ್‌ಸೆಟ್ ಮುದ್ರಣ, ಎರಡನೇ ಪುಟದ ವಂದನೆಗಳಲ್ಲಿ ನನ್ನ ಹೆಸರು ಎಂದಿರಿ. ಹತ್ತು ವರ್ಷ ಬೇರೆಯವರ ಹೆಸರು ಜೋಡಿಸಿದವಳು, ತನ್ನ ಹೆಸರು ಅಚ್ಚಾಗುತ್ತದೆ ಎಂದಾಗ ಪೆನ್ನು ತೆಗೆದೆ. ಅದನ್ನು ತಿಳಿದು ಅತ್ತೆ ಆಡಿದ್ದು ಒಂದೇ ಮಾತು: “ನನ್ ಕೈಲಿ ಓದಿಸ್ದೆ ಹೆಂಗಮ್ಮಿ ಸೈನ್ ಹಾಕ್ದೆ?”

ಹಾಗಾಗಿ ನಾನು ಕೇಳುತ್ತಿರುವುದು ಬೇಡಿಕೆಯಷ್ಟೇ ಅಲ್ಲ, ನನ್ನ ಪ್ರಾಯಶ್ಚಿತ್ತವೂ ಹೌದು. ಲಕ್ಷ್ಮಿದೇವಿಗೆ ಕೊಟ್ಟ ಜ್ಞಾಪನವನ್ನು ಹಿಂದಕ್ಕೆ ಪಡೆಯಿರಿ, ಅವಳು ಕೈಪಿಡಿಯನ್ನು ಅನುಸರಿಸಿದ್ದಳು ಎಂದು ಲಿಖಿತವಾಗಿ ಹೇಳಿ, ಅವಳ ಕುರ್ಚಿಯನ್ನು ಅವಳಿಗೆ ಕೊಡಿ. ಕೈಪಿಡಿಯನ್ನು ಅದು ಇದ್ದ ಜಾಗಕ್ಕೆ, ತಂತ್ರಾಂಶದ ಪಕ್ಕಕ್ಕೆ ವಾಪಸು ಕಳಿಸಿ. ನಿಮಗೆ ಅಚ್ಚಿನ ಪುಸ್ತಕವೇ ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ಅದು ಯಾವ ಆವೃತ್ತಿಯದು ಎಂದು ಮುಖದ ಮೇಲೆ ಬರೆಯಿರಿ, ಚೀಟಿ ಅಂಟಿಸುವವರ ಕೈ ಹಿಡಿಯಬೇಡಿ. ಸಹಿ ಯಾವುದಕ್ಕೆ ಹಾಕುವುದೆಂಬ ಚಿಂತೆ ಇನ್ನೂ ಉಳಿದಿದ್ದರೆ ಯಾವುದಾದರೂ ಒಂದು ಭಾನುವಾರ ಕೃಷ್ಣರಾಜಪುರಕ್ಕೆ ಬನ್ನಿ. ಅತ್ತೆ ಓದುತ್ತಾರೆ, ನೀವು ಮೌಸ್ ಹಿಡಿಯಿರಿ. ಇದಕ್ಕೆಲ್ಲ ಮುಂದಿನ ಮಾರ್ಚಿನವರೆಗೆ ಕಾಯುವುದು ಸಾಧ್ಯವಿಲ್ಲ, ಏಕೆಂದು ಹೇಳಿಬಿಡುತ್ತೇನೆ.

ಶಿವಪುತ್ರನ ಹೆಸರನ್ನು ಲಕ್ಷ್ಮಿದೇವಿ ಪಟ್ಟಿಗೆ ಮತ್ತೆ ಸೇರಿಸಿಯೇ ಹೊರಗೆ ಬಂದಿದ್ದಳು. ಅವನು ಬಂದಿಲ್ಲ, ಹಾಗಾಗಿ ಅವನಿಗೆ ಮುಂದಿನ ದಿನಾಂಕವಿಲ್ಲ. ದಿನಾಂಕವಿಲ್ಲದ ಹೆಸರನ್ನು ನಿಮ್ಮ ಗುಂಡಿ ಉಳಿಸುವುದಿಲ್ಲ. ಆದ್ದರಿಂದ ಪ್ರತಿ ತಿಂಗಳ ಕೊನೆಯ ದಿನ ನಾನು ಆ ಚಿಕಿತ್ಸಾಲಯಕ್ಕೆ ಫೋನ್ ಮಾಡಿ, ಅವನ ಹೆಸರಿನ ಮುಂದೆ ಯಾವುದಾದರೂ ಒಂದು ದಿನಾಂಕ ಹಾಕಿ ಎಂದು ಬೇಡಿಕೊಳ್ಳುತ್ತೇನೆ. ಅವರು ಹಾಕುತ್ತಾರೆ. ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆಸುವುದು ಅಪರಾಧವೆಂದು ನನಗೆ ಗೊತ್ತು, ಅದನ್ನು ಇಲ್ಲಿ ಎಲ್ಲರೆದುರು ಒಪ್ಪಿಕೊಂಡಿದ್ದೇನೆ, ನೋಟಿಸ್ ಕಳಿಸಬಹುದು. ಈ ತಿಂಗಳು ಅವನಿಗೆ ಏಪ್ರಿಲ್ ಒಂಬತ್ತು ಎಂದು ಬರೆಸಿದ್ದೇನೆ. ಅವನು ಎಂದಾದರೂ ಆ ಕಿಟಕಿಗೆ ಬಂದು ನಿಂತರೆ ಹೆಸರಿಲ್ಲ ಎಂದು ಯಾರೂ ಎರಡನೇ ಸಲ ಹೇಳಬಾರದು.

ಇಂತಿ,
ನಿಮ್ಮ ಕೈಪಿಡಿಯ ಎರಡನೇ ಪುಟದಲ್ಲಿ, ಎರಡು ಮುದ್ರಣಗಳಲ್ಲೂ ಒಂದಕ್ಷರ ತಪ್ಪಿಲ್ಲದೆ ಹೆಸರು ಅಚ್ಚಾಗಿರುವ
ಹಂಸ
ಕೃಷ್ಣರಾಜಪುರ, ಮಾರ್ಚ್ ೨೦೦೭